ಎಡಗಡೆಯ ಖಾಲಿ ಹಾಳೆ

ಖಾಲಿ ಹಾಳೆಯ ಮೇಲೆ ‘ಖಾಲಿ’ ಎಂದು ಬರೆಯಲು ಎಷ್ಟು ಬುದ್ಧಿ ಬೇಕು ಹೇಳಿ. ಎರಡೇ ಅಕ್ಷರ. ಒಂದನೇ ಇಯತ್ತೆಯ ಹುಡುಗ ಬರೆಯುತ್ತಾನೆ. ಆದರೆ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದಿನಕ್ಕೆ ಎಂಟು ತಾಸು ಖಾಲಿ ಹಾಳೆಗಳ ನಡುವೆಯೇ ನಿಂತು ದುಡಿಯುವ ಮೂವರು ಗಂಡಸರಿಗೆ ಅದನ್ನು ಕಲಿಸಲು ಹೋಗಿ ನನ್ನ ತಲೆಯೇ ಹನ್ನೆರಡಾಣೆಯಾಯಿತು. ನಾನು ಶಂಕ್ರಪ್ಪ ಮಾಸ್ತರ, ಮಿಲ್ಲಿನ ಕಾರ್ಮಿಕರ ಚಾಳಿನ ಪಕ್ಕದ ಶಾಲೆಯ ಹೆಡ್‌ಮಾಸ್ತರ. ಸಿಟ್ಟು ನನ್ನ ಮೂಗಿನ ತುದಿಯಲ್ಲಿರುತ್ತದೆ ಎಂದು ಊರು ಹೇಳುತ್ತದೆ. ಊರಿನವರ ಜೊತೆ ಒಂದು ದಿನ ಕೆಲಸ ಮಾಡಿ ನೋಡಿ, ನಿಮ್ಮ ಮೂಗಿನ ತುದಿಗೂ ಬರುತ್ತದೆ.

ಕೆಲಸ ಶುರುವಾದದ್ದು ೧೯೬೨ರ ಮಳೆಗಾಲ ಮುಗಿದ ಮೇಲೆ. ಹಳಿಯಾಳದ ದಾರಿಯಲ್ಲಿ, ಕಾಡಿನ ಅಂಚಿಗೆ, ಸಿದ್ದಿಗಳ ಹಳ್ಳಿಯೊಂದರಲ್ಲಿ ಕ್ರೈಸ್ತರ ಒಂದು ಸಣ್ಣ ಇಗರ್ಜಿ ಇದೆ. ಅಲ್ಲಿಯ ಹಳೆಯ ವಹಿಗಳಿಗೆ ಗೆದ್ದಲು ಹಿಡಿದಿತ್ತು. ಮಕ್ಕಳಿಗೆ ಹೆಸರಿಟ್ಟ ವಹಿ, ಮದುವೆಯ ವಹಿ ಎರಡೂ ಆಗಲೇ ಮಣ್ಣಾಗಿದ್ದವು. ಉಳಿದದ್ದು ಕುಟುಂಬದ ವಹಿ, ನಾಲ್ಕು ಸಂಪುಟ. ಯಾವ ಮನೆಯಲ್ಲಿ ಯಾರು, ಯಾರ ಮಕ್ಕಳು ಯಾರು ಎಂಬ ಮೂರು ತಲೆಮಾರಿನ ವಿವರ ಅದರಲ್ಲಿತ್ತು. ಮಂಗಳೂರು ಕಡೆಯಿಂದ ಹೊಸದಾಗಿ ಬಂದಿದ್ದ ಎಳೆಯ ಪಾದ್ರಿ ನಾನು ಚಾಳಿನಲ್ಲಿ ನಡೆಸುತ್ತಿದ್ದ ವಾಚನಾಲಯಕ್ಕೆ ಬಂದು, “ಬರೆಯುವ ಕೈಗಳು ಬೇಕು ಮೇಸ್ಟ್ರೇ. ಚಹಾ ಕೊಡಬಲ್ಲೆ, ಕೂಲಿ ಕೊಡಲಾರೆ” ಎಂದರು. ನಾನು ಎರಡನೇ ಮಾತಿಲ್ಲದೆ ಒಪ್ಪಿದೆ. ಹಿಂದಿನ ವರ್ಷದ ಜನಗಣತಿಯಲ್ಲಿ ಮನೆಮನೆ ತಿರುಗಿ, ನನ್ನ ಫಾರಮುಗಳಲ್ಲಿ ಒಂದೂ ತಪ್ಪಿಲ್ಲ ಎಂದು ಮೇಲಿನವರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಆ ಸೊಕ್ಕು ಇನ್ನೂ ಇಳಿದಿರಲಿಲ್ಲ.

ವಾಚನಾಲಯಕ್ಕೆ ಬರುವವರಲ್ಲಿ ಅಕ್ಷರ ನೆಟ್ಟಗಿದ್ದು, ಇಂಗ್ಲಿಷ್ ಅಕ್ಷರವನ್ನೂ ಕೂಡಿಸಿ ಓದಬಲ್ಲ ಮೂವರನ್ನು ಆರಿಸಿದೆ. ಧಾರವಾಡ ಜಿಲ್ಲೆಯ ಮಲಕಪ್ಪ ಮತ್ತು ದುರ್ಗಪ್ಪ, ಬೆಳಗಾವಿ ಕಡೆಯ ಅಡಿವೆಯ್ಯ. ಮೂವರೂ ಮಿಲ್ಲಿನಲ್ಲಿ ಕಾಗದ ಆರಿಸುವ ಮೇಜಿನ ಕೆಲಸದವರು. ಮುಂದೆ ಹಾಳೆಗಳ ರಾಶಿ ಇರುತ್ತದೆ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಕಲೆ, ತೂತು, ಸುಕ್ಕು ಇದ್ದರೆ ಪಕ್ಕಕ್ಕೆ ಒಗೆಯುವುದು, ಇಲ್ಲದಿದ್ದರೆ ಮುಂದೆ ದಾಟಿಸುವುದು. ವರ್ಷಗಟ್ಟಲೆ ಇದೇ ಕೆಲಸ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಪ್ರತಿ ಭಾನುವಾರ ನಾವು ನಾಲ್ವರೂ ಬಸ್ಸಿನಲ್ಲಿ ಆ ಇಗರ್ಜಿಗೆ ಹೋಗಿ ಕೂರುತ್ತಿದ್ದೆವು. ವಹಿಯ ಕ್ರಮ ಸುಲಭವಾಗಿತ್ತು. ಎಡಪುಟದಲ್ಲಿ ಗಂಡ, ಹೆಂಡತಿ, ಊರು, ಮದುವೆಯ ತಾರೀಖು. ಬಲಪುಟದಲ್ಲಿ ಮಕ್ಕಳು. ಒಂದೇ ಮನೆಯ ಮಕ್ಕಳು ಹೆಚ್ಚಾದರೆ ಮುಂದಿನ ಪುಟಕ್ಕೂ ಹರಿಯುತ್ತಿದ್ದರು. ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ, ಹೆಸರುಗಳು ಕೊಂಕಣಿ ಬಾಯಿಯವು. ಅವನ್ನು ಕನ್ನಡ ಅಕ್ಷರಕ್ಕೆ ಇಳಿಸಿದರೆ ಮುಗಿಯಿತು. ಮಸಿ ಸೋರದಿರಲೆಂದು ನಕಲನ್ನು ಹಾಳೆಯ ಒಂದೇ ಬದಿಗೆ ಬರೆಸಿದೆ. ನಡುನಡುವೆ ಖಾಲಿ ಪುಟಗಳಿದ್ದವು. ಅವಕ್ಕೆ ನಾನೊಂದು ನಿಯಮ ಮಾಡಿದೆ. ಮೂಲದಲ್ಲಿ ಖಾಲಿ ಪುಟ ಬಂದರೆ ನಕಲಿನಲ್ಲೂ ಒಂದು ಪುಟ ಬಿಡಬೇಕು, ನಡುವೆ ‘ಖಾಲಿ’ ಎಂದು ಬರೆಯಬೇಕು. ಇಲ್ಲದಿದ್ದರೆ ಮುಂದೆ ಓದುವವನಿಗೆ ಅಲ್ಲಿ ಏನೂ ಇರಲಿಲ್ಲವೋ, ಇದ್ದದ್ದನ್ನು ಇವರು ಬಿಟ್ಟರೋ ತಿಳಿಯುವುದಿಲ್ಲ. ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ.

ಎರಡನೇ ಭಾನುವಾರ ನಕಲು ತಿರುವಿ ನೋಡಿದರೆ, ದುರ್ಗಪ್ಪ ಒಂದು ಖಾಲಿ ಪುಟದ ಬಗ್ಗೆ ಹೀಗೆ ಬರೆದಿದ್ದ: ‘ಕಾಗದ ದಪ್ಪ. ಬಲಗಡೆ ಮೂಲೆಗೆ ಎಣ್ಣೆ ಕಲೆ ಒಂದು. ಗೆದ್ದಲ ತೂತು ಆರು. ಸುಕ್ಕು ಇಲ್ಲ. ಎರಡನೇ ದರ್ಜೆ.’

“ಏನಿದು?” ಎಂದೆ.

“ಖಾಲಿ ಹಾಳಿರೀ” ಎಂದ ದುರ್ಗಪ್ಪ.

“ಖಾಲಿ ಅಂತ ಬರಿ ಅಂದ್ರ ಹಾಳಿ ಜಾತಕಾ ಬರದೀಯಲ್ಲೋ.”

“ಬರೇ ಖಾಲಿ ಅಂತ ಹೆಂಗ ಬರೀಲಿರಿ? ಖಾಲಿಯೊಳಗೂ ಚಲೋದು, ಕೆಟ್ಟದು ಇರ್ತಾವಲ್ಲ.”

ಅಡಿವೆಯ್ಯನದು ಇನ್ನೊಂದು ರೀತಿ. ಪ್ರತಿ ಖಾಲಿ ಪುಟದ ನೆತ್ತಿಗೆ ‘ಶ್ರೀ’ ಎಂದು ಬರೆದಿದ್ದ. ಏನೂ ಬರೆಯದ ಹಾಳೆಯನ್ನು ವಹಿಯಲ್ಲಿ ಹಾಗೇ ಬಿಟ್ಟರೆ ಮನೆತನಕ್ಕೆ ಒಳ್ಳೆಯದಲ್ಲವಂತೆ. ಪಾದ್ರಿಯ ವಹಿಗೆ ಶ್ರೀ. ಪಾದ್ರಿ ನೋಡಿ ನಕ್ಕರು, ನನಗೆ ನಗು ಬರಲಿಲ್ಲ. ಮಲಕಪ್ಪ ಮಾತ್ರ ಪಾಪ, ಖಾಲಿ ಪುಟ ಬಂದಾಗಲೆಲ್ಲ ಅದನ್ನು ಹಿಡಿದುಕೊಂಡು ಎದ್ದು ನನ್ನ ಹತ್ತಿರ ಬರುತ್ತಿದ್ದ. “ಇದು ಖಾಲಿ ಅಂತ ಬರಿಲೇನ್ರಿ ಮಾಸ್ತರ? ಇಲ್ಲೊಂದು ಮಸಿ ಚುಕ್ಕಿ ಐತಿ.” ಬರಿ ಎಂದರೆ ಹೋಗಿ ಬರೆದು, ಐದು ನಿಮಿಷಕ್ಕೆ ಇನ್ನೊಂದು ಹಿಡಿದುಕೊಂಡು ಬರುತ್ತಿದ್ದ. “ಇದರಾಗ ಹಿಂದಿನ ಬದಿಯ ಮಸಿ ಸೋರೇತಿ. ಖಾಲಿ ಅಂತ ಬರಿಲೇನ್ರಿ?”

ಐದಾರು ಭಾನುವಾರ ಹೀಗೇ ನಡೆಯಿತು. ಒಂದು ಮಧ್ಯಾಹ್ನ, ಹೊಟ್ಟೆ ಹಸಿದಿತ್ತು, ಹೊರಗೆ ಬಸ್ಸು ಹೊರಡುವ ಹೊತ್ತಾಗಿತ್ತು, ಮಲಕಪ್ಪ ಮತ್ತೊಂದು ಪುಟ ಹಿಡಿದು ಎದ್ದ. ಅವನು ಬಾಯಿ ತೆರೆಯುವ ಮೊದಲೇ ನಾನು ಏನೋ ಅಂದು ಅವನನ್ನು ಕೂರಿಸಿದೆ. ಏನಂದೆ ಎಂಬುದನ್ನು ಮರೆತೇಬಿಟ್ಟೆ. ಅಲ್ಲಿಂದ ಮುಂದೆ ಕೆಲಸ ಸರಸರ ಸಾಗಿತು, ಯಾರೂ ನನ್ನ ತಲೆ ತಿನ್ನಲಿಲ್ಲ. ಕೊನೆಗೂ ಇವರಿಗೆ ಬುದ್ಧಿ ಬಂತು ಎಂದುಕೊಂಡೆ. ಯುಗಾದಿಯ ಹೊತ್ತಿಗೆ ನಾಲ್ಕೂ ಸಂಪುಟ ಮುಗಿದವು. ಹಳೆಯವನ್ನು ಇಟ್ಟುಕೊಂಡರೆ ಗೆದ್ದಲು ಹೊಸದಕ್ಕೂ ಹತ್ತುತ್ತದೆ ಎಂದು ನಾನೇ ಪಾದ್ರಿಗೆ ಹೇಳಿದೆ. ಅವರು ಎರಡು ದಿನ ಹಿಂದೆಮುಂದೆ ನೋಡಿ, ಕೊನೆಗೆ ಇಗರ್ಜಿಯ ಹಿಂದೆ ಸುಟ್ಟರು.

ಮುಂದಿನ ವರ್ಷ ಫೆಬ್ರುವರಿಯಲ್ಲಿ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ನೇರ ನನ್ನ ಶಾಲೆಗೆ ಬಂದಳು. ಪಾಠ ನಡೆದಿತ್ತು. ಬಾಗಿಲಲ್ಲಿ ನಿಂತು, “ಆ ಬುಕ್ಕ ಬರದ ಮಾಸ್ತರ ನೀವ ಏನು?” ಎಂದಳು. ಕಾತರಿನಾ ಎಂದು ಹೆಸರು. ಇಗರ್ಜಿಯ ಹಳ್ಳಿಯವಳೇ, ಗಂಡ ತೀರಿಕೊಂಡು ನಾಲ್ಕು ವರ್ಷ. ಮಗಳು ಮಾರ್ಗರೀಟಾ, ಇಪ್ಪತ್ತರ ಸುಮಾರಿನವಳು, ಗೋಡೆ ನೋಡುತ್ತ ನಿಂತಿದ್ದಳು.

ಆದದ್ದಿಷ್ಟು. ಮಾರ್ಗರೀಟಾಳ ಮದುವೆ ಅದೇ ಹಳ್ಳಿಯ ಸಂತಾನನ ಜೊತೆ ಗೊತ್ತಾಗಿತ್ತು. ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಚೀಟಿ ಓದಿ, ಇಂಥವರಿಗೆ ಇಂಥವರ ಮದುವೆ ಎಂದು ಸಾರಬೇಕು, ಅದಕ್ಕೂ ಮೊದಲು ಇಬ್ಬರಿಗೂ ಹತ್ತಿರದ ರಕ್ತಸಂಬಂಧ ಇಲ್ಲವೆಂದು ಪಾದ್ರಿ ವಹಿಯಲ್ಲಿ ನೋಡಬೇಕು. ನೋಡಿದರೆ ಸಂತಾನನ ಅಪ್ಪನೂ ಮಾರ್ಗರೀಟಾಳ ಅಪ್ಪನೂ ಒಂದೇ ಮನೆಯ ಮಕ್ಕಳು. ಬಸ್ತ್ಯಾಂವ ಎಂಬವನ ಹೆಸರಿನ ಕೆಳಗೆ ಇಬ್ಬರೂ ಸಾಲಾಗಿ ಇದ್ದರು. ಎಂದರೆ ಹುಡುಗ ಹುಡುಗಿ ಅಣ್ಣತಮ್ಮಂದಿರ ಮಕ್ಕಳು. ಪಾದ್ರಿ ವಹಿ ಮುಚ್ಚಿ, ಈ ಮದುವೆ ಆಗದು ಎಂದರು.

“ನಮ್ಮ ಮಾಂವ ಬಸ್ತ್ಯಾಂವ ಅಲ್ಲ” ಎಂದಳು ಕಾತರಿನಾ. “ನನ್ನ ಗಂಡನ ಅಪ್ಪ ಕಾಶೀಮ. ನಿಮ್ಮ ಬುಕ್ಕಿನಾಗ ಬಸ್ತ್ಯಾಂವ ಹೆಂಗಾದ?”

“ವಹಿಯೊಳಗ ಇದ್ದದ್ದ ಬರದೀವಿ” ಎಂದೆ. “ಕಾಶೀಮ ಅನ್ನೋ ಹೆಸರ ಇಡೀ ವಹಿಯೊಳಗಿಲ್ಲ. ಅಂವಾ ಎಲ್ಲಿ ಅದಾನ?”

“ಮುಂಡಗೋಡ ಕಡೆ, ಅತ್ತಿವೇರಿಯಾಗ, ತಂಗಿ ಮನ್ಯಾಗ. ಬಾ ಅಂದ್ರ ಬರೂದಿಲ್ಲ. ಇಗರ್ಜಿ ವಿಷಯಾ ಅಂದ್ರ ಕಿವಿನ ಕೇಳ್ಸೂದಿಲ್ಲ ಅವಗ.”

ಚಲೋ ಅಜ್ಜ, ಎಂದುಕೊಂಡೆ. ಬೇಕಾದಾಗ ಹುಟ್ಟುತ್ತಾನೆ, ಕೈಗೆ ಮಾತ್ರ ಸಿಗುವುದಿಲ್ಲ. ಮದುವೆ ನಿಲ್ಲಬಾರದೆಂದು ಹೊಸ ಅಜ್ಜನನ್ನು ಹುಟ್ಟಿಸಿಕೊಂಡು ಬಂದಿದ್ದಾರೆ ಎಂದೇ ನಾನು ನಂಬಿದೆ. ಪಾದ್ರಿಯೂ ಹಾಗೇ ನಂಬಿದ್ದರು. ಹಳ್ಳಿಯವರು ಹೇಳಿದ್ದೂ ಲೆಕ್ಕಕ್ಕೆ ಬರಲಿಲ್ಲ, ಹಳ್ಳಿಯವರೆಲ್ಲ ಒಬ್ಬರಿಗೊಬ್ಬರು ನೆಂಟರಲ್ಲವೇ. ನನ್ನ ವಹಿಯಲ್ಲಿ ತಪ್ಪಿರುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಹುಡುಗರೆಲ್ಲ ಪಾಠ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಆಗ ಮಾರ್ಗರೀಟಾ ಮೊದಲ ಸಲ ಬಾಯಿ ತೆರೆದಳು. “ಬಾವಿ ಕಡೆ ಹ್ವಾದ್ರ ಹೆಂಗಸರು ಕೇಳ್ತಾರ, ಅಣ್ಣನ್ನ ಮದಿವಿ ಆಗಾಕಿ ನೀನ ಏನ ಅಂತ. ಸಂತಾನ ಕೆಲಸಕ್ಕ ಹೋಗೂದು ಬಿಟ್ಟಾನ, ಕಟ್ಟಿಗಿ ಡಿಪೋದಾಗ ಮಂದಿ ನಗ್ತಾರಂತ. ನೀವು ಬರಿಯಾಕ ಬಂದಾಗ ನಿಮಗ ಚಾ ಕೊಟ್ಟಾಕಿ ನಾನ. ನೀವು ಒಂದ ಹಾಳಿನೂ ಬರೀಲಿಲ್ಲ, ಕುರ್ಚಿ ಮ್ಯಾಲೆ ಕುಂತ ಬೈತಿದ್ರಿ. ಬರದಾಂವನ್ನ ಕೇಳ್ರಿ.”

ಸತ್ಯ ಹೇಳುತ್ತೇನೆ, ನನಗೆ ಅವಳ ಕಷ್ಟಕ್ಕಿಂತ ಮೊದಲು ಅವಳ ಮಾತೇ ಚುಚ್ಚಿತು. ಅವಳ ಬಾಯಿ ಮುಚ್ಚಿಸಬೇಕೆಂದೇ ಆ ಸಂಜೆ ಇಗರ್ಜಿಗೆ ಹೋಗಿ ವಹಿ ತೆಗೆಸಿದೆ. ಬಸ್ತ್ಯಾಂವನ ಹಾಳೆ, ಮುಂದಿನ ಹಾಳೆಯಲ್ಲಿ ಏಳು ಮಕ್ಕಳು. ಪುಟ ತಿರುವಿದರೆ ಮತ್ತೆ ಐದು ಮಕ್ಕಳು, ಅದೇ ಕೈಬರಹ, ಅಪ್ಪನ ಹೆಸರಿಲ್ಲದೆ. ಆ ಐವರಲ್ಲಿ ಮೂರನೆಯವನು ಮಾರ್ಗರೀಟಾಳ ಅಪ್ಪ. ಅಕ್ಷರ ಮಲಕಪ್ಪನದು. ಆ ಸಂಪುಟವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಮೊದಲ ಮೂವತ್ತು ಪುಟಗಳಲ್ಲಿ ಅಲ್ಲಲ್ಲಿ ‘ಖಾಲಿ’ ಇತ್ತು, ಶ್ರೀ ಇತ್ತು, ಎರಡನೇ ದರ್ಜೆ ಇತ್ತು. ಆಮೇಲೆ ಒಂದೂ ಇರಲಿಲ್ಲ. ವಹಿ ಮುಚ್ಚಿ ದಾಂಡೇಲಿಯ ಬಸ್ಸು ಹಿಡಿದೆ.

ಮಲಕಪ್ಪ ಪಾಳಿ ಮುಗಿಸಿ ಚಾಳಿನ ಮುಂದೆ ಕಾಲು ತೊಳೆಯುತ್ತಿದ್ದ. “ಬಸ್ತ್ಯಾಂವನ ಮಕ್ಕಳ ಹಾಳಿ ಮುಗದ ಮ್ಯಾಲೆ ಏನಿತ್ತೋ?” ಎಂದು ಕೇಳಿದೆ.

“ಎಡಗಡೆ ಒಂದ ಖಾಲಿ ಹಾಳಿ ಇತ್ತರಿ” ಎಂದ, ಯೋಚನೆ ಕೂಡ ಮಾಡದೆ. “ಬಲಗಡೆ ಐದ ಹುಡುಗರ ಹೆಸರ.”

“ಆ ಖಾಲಿ ಹಾಳಿ ಎಲ್ಲಿ ಹೋತು? ಯಾಕ ಬಿಟ್ಟಿ?”

“ನೀವ ಬಿಡು ಅಂದ್ರೆಲ್ಲ.”

“ನಾ ಯಾವಾಗ ಅಂದೆ?”

ಅವನು ಕಾಲು ತೊಳೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. “ಅದನ್ನ ಹಿಡಕೊಂಡ ನಿಮ್ಮ ಹಂತ್ಯಾಕ ಬಂದಿದ್ದೆ. ಅದರಾಗ ಪೆನ್ಸಿಲ್ಲಿಲೆ ನಾಕ ಗೆರಿ ಹೊಡದಿದ್ರು, ಮ್ಯಾಲೆ ಏನೂ ಬರದಿದ್ದಿಲ್ಲ. ಅದಕ್ಕ ಖಾಲಿ ಅನ್ನಬೇಕೋ ಏನನ್ನಬೇಕೋ ತಿಳೀಲಿಲ್ಲ. ನಾ ಕೇಳೂದ್ರಾಗ ನೀವು, ‘ಸಾಕ ಮಾಡ್ರೋ, ಇನ್ನ ಮ್ಯಾಲೆ ಖಾಲಿ ಹಾಳಿ ಎಲ್ಲಾ ಬಿಟ್ಟ ಬರೀರಿ, ನನಗ ತೋರ್ಸಬ್ಯಾಡ್ರಿ’ ಅಂದ್ರಿ. ಮೂರೂ ಮಂದಿ ಕೇಳೇವಿ. ಮಿಲ್ಲಿನಾಗೂ ಹಂಗರಿ, ಸಾಹೇಬ ದಾಟಸು ಅಂದ್ರ ದಾಟಸೂದು.”

ಅವನ ಮೇಲೆ ರೇಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಮಧ್ಯಾಹ್ನ, ಆ ಹಸಿವು, ಆ ಬಸ್ಸು ಎಲ್ಲ ನೆನಪಾಯಿತು. ಮೂರು ಜನರಿಗೆ ನಿಯಮ ಕಲಿಸಿದವನೂ ನಾನೇ, ಮುರಿದವನೂ ನಾನೇ, ಮುರಿದದ್ದನ್ನು ಮರೆತು ವರ್ಷಪೂರ್ತಿ ಮೀಸೆ ತಿರುವಿದವನೂ ನಾನೇ. ಸಾಲದ್ದಕ್ಕೆ ಮೂಲ ವಹಿ ಸುಡಿಸಿದವನೂ ನಾನೇ. ಎಡಪುಟ ಬಿಟ್ಟುಹೋದದ್ದರಿಂದ ಯಾರದೋ ಐದು ಮಕ್ಕಳು ಬಸ್ತ್ಯಾಂವನ ಮಕ್ಕಳ ಬಾಲಕ್ಕೆ ಅಂಟಿಕೊಂಡಿದ್ದರು.

ಮರುದಿನ ಮಲಕಪ್ಪನನ್ನು ಕರೆದುಕೊಂಡು ಪಾದ್ರಿಯ ಮುಂದೆ ಹೋಗಿ ಎಲ್ಲ ಹೇಳಿದೆ. ಪಾದ್ರಿ ಸಾವಧಾನವಾಗಿ ಕೇಳಿ, “ಒಪ್ಪಿದೆ ಮೇಸ್ಟ್ರೇ, ಅಲ್ಲಿ ಒಂದು ಖಾಲಿ ಪುಟ ಇತ್ತು. ಆದರೆ ಖಾಲಿ ಪುಟ ಯಾರ ಹೆಸರನ್ನು ಹೇಳುತ್ತದೆ? ಹಳೆಯ ಪಾದ್ರಿ ಕೈತಪ್ಪಿ ಒಂದು ಪುಟ ಬಿಟ್ಟು ಬರೆದಿರಬಹುದು. ಆಗಲೂ ಮಕ್ಕಳು ಬಸ್ತ್ಯಾಂವನವರೇ” ಎಂದರು. ತಪ್ಪು ಮಾತಲ್ಲ. ಸುಟ್ಟದ್ದನ್ನು ಓದಲು ಬರುವುದಿಲ್ಲ. ನಾಲ್ಕು ಗೆರೆಯ ಮಾತನ್ನು ಮಲಕಪ್ಪ ಹೇಳಿದಾಗ ಮಾತ್ರ ಅವರು ಅದನ್ನೊಂದು ಚೀಟಿಯಲ್ಲಿ ಬರೆದುಕೊಂಡು, “ಇದನ್ನು ಹೊರಗೆ ಯಾರಿಗೂ ಹೇಳಬೇಡಿ” ಎಂದರು.

ಹಾಗಾಗಿ ಆ ಶನಿವಾರ ನಾನು ಅತ್ತಿವೇರಿಗೆ ಹೊರಟೆ. ದಾಂಡೇಲಿಯಿಂದ ಹಳಿಯಾಳ, ಅಲ್ಲಿಂದ ಕಲಘಟಗಿ, ಅಲ್ಲಿಂದ ಮುಂಡಗೋಡ. ಮೂರು ಬಸ್ಸು, ಒಂದು ಪಂಕ್ಚರು, ಮಡಿಲಲ್ಲಿ ಯಾರದೋ ಕೋಳಿ. ಕೊನೆಯ ನಾಲ್ಕು ಮೈಲಿ ನಡಿಗೆ. ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕಾಶೀಮ ಇದ್ದ. ನಿಜವಾಗಿಯೂ ಇದ್ದ. ಎಂಬತ್ತರ ಹತ್ತಿರದ ಎತ್ತರದ ಮುದುಕ, ಗುಂಗುರು ಬಿಳಿಗೂದಲು, ತಲೆಗೆ ಟೊಪ್ಪಿಗೆ. ಅಂಗಳದಲ್ಲಿ ಕೂತು ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದ. ಪಾದ್ರಿ ಕರೆಯುತ್ತಾರೆ ಎಂದದ್ದಕ್ಕೆ ತಲೆಯೆತ್ತಲಿಲ್ಲ. ನಿಮ್ಮ ಮೊಮ್ಮಗಳನ್ನು ಬಸ್ತ್ಯಾಂವನ ಮೊಮ್ಮಗಳು ಎಂದು ಬರೆದಿದ್ದೇವೆ ಎಂದಾಗ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟ.

“ಬಸ್ತ್ಯಾಂವಗ ನನ್ನ ಮಕ್ಕಳನ್ನ ಕೊಟ್ಟಾಂವ ಯಾರು?” ಎಂದ.

“ನಾನ” ಎಂದೆ. ಬೇರೆ ಏನು ಹೇಳಲಿ?

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೆಗಲಿಗೆ ಕಂಬಳಿ ಹಾಕಿಕೊಂಡು, “ನಡಿ” ಎಂದ.

ರಾತ್ರಿ ಹಳಿಯಾಳದಲ್ಲಿ ತಂಗಿ, ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಇಗರ್ಜಿ ಮುಟ್ಟಿದೆವು. ಕಾಶೀಮ ಒಳಗೆ ಬರಲು ಒಪ್ಪಲಿಲ್ಲ. ಹೊರಗೆ ಮಾವಿನ ಮರದ ಕಟ್ಟೆಯ ಮೇಲೆ ಕೂತ. ಪಾದ್ರಿಯೇ ವಹಿ ಹಿಡಿದುಕೊಂಡು ಹೊರಗೆ ಬಂದರು. ಜನ ಸುತ್ತ ನಿಂತರು. ಕಾತರಿನಾ ಮುಂದಿದ್ದಳು, ಮಾರ್ಗರೀಟಾ ಮತ್ತು ಸಂತಾನ ದೂರದಲ್ಲಿ ಬೇರೆಬೇರೆ ನಿಂತಿದ್ದರು, ಒಬ್ಬರನ್ನೊಬ್ಬರು ನೋಡದೆ.

“ನಿಮ್ಮ ಹೆಸರು ಈ ಪುಸ್ತಕದಲ್ಲಿ ಯಾಕಿಲ್ಲ ಅಜ್ಜ?” ಎಂದು ಪಾದ್ರಿ ಕೇಳಿದರು.

“ಇರ್ತೈತಿ ಹೆಂಗ? ನಾ ಮುಸಲ್ಮಾನ, ನನ್ನ ಹೆಂಡ್ತಿ ಕಿರಿಸ್ತಾಂವ. ನಮ್ಮ ಮದಿವಿ ನಿಮ್ಮ ಇಗರ್ಜಿಯಾಗ ಆಗಲಿಲ್ಲ, ನಮ್ಮ ಮಸೂತಿಯಾಗೂ ಆಗಲಿಲ್ಲ. ಹಿರ್ಯಾರು ಕುಂತು ಮಾಡಿದ್ರು. ಹುಡುಗರನ್ನ ಈ ಇಗರ್ಜಿಗೆ ಕೊಡ್ತೇನಿ ಅಂದ್ಳು, ಕೊಡು ಅಂದೆ.” ಮುದುಕ ಉಸಿರು ತೆಗೆದುಕೊಂಡ. “ಆಗಿನ ಪಾದ್ರಿ ಭಾಳ ಚಲೋ ಮನಿಶಾ. ಹುಡುಗರ ಹೆಸರು ಒಂದ ಕಡೆ ಬರದ, ಇನ್ನೊಂದ ಕಡೆ ನನಗ ಜಾಗಾ ಬಿಟ್ಟ. ‘ಕಾಶೀಮಾ, ನೀ ಒಂದ ದಿನಾ ಬರ್ತಿ, ಆವಾಗ ಬರೀತೇನಿ’ ಅಂದ. ವರ್ಷಾ ನಾತಾಳ ಹಬ್ಬಕ್ಕ ಬುಕ್ಕ ತಗೊಂಡ ನನ್ನ ಗುಡಿಸಲಿಗೆ ಬರ್ತಿದ್ದ. ‘ಈ ವರ್ಷ ಬರೀಲೇನು?’ ಅಂತ ಕೇಳ್ತಿದ್ದ. ‘ಮುಂದಿನ ವರ್ಷ ನೋಡೂಣು’ ಅಂತಿದ್ದೆ. ಇಬ್ರೂ ನಗ್ತಿದ್ವಿ, ಶೇಂದಿ ಕುಡೀತಿದ್ವಿ. ಅಂವಾ ಸಾಯೂ ತನಕಾ ಹಂಗ ನಡೀತು.”

“ಆ ಪುಟದಲ್ಲಿ ಏನಾದರೂ ಇತ್ತಾ?” ಪಾದ್ರಿ ಜೇಬಿನಲ್ಲಿದ್ದ ಚೀಟಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

“ನನಗ ಓದಾಕ ಬರೂದಿಲ್ಲ. ನಾಕ ಗೆರಿ ಎಳದಿದ್ದ, ಸೀಸದ ಕಡ್ಡೀಲೆ. ಒಂದು ನನಗ, ಒಂದು ಅಕಿಗೆ, ಒಂದು ಊರಿಗೆ, ಒಂದು ತಾರೀಖಿಗೆ ಅಂತ ತೋರಿಸಿದ್ದ.”

ಪಾದ್ರಿ ಮಲಕಪ್ಪ ಹೇಳಿದ್ದನ್ನು ಬರೆದಿದ್ದ ಚೀಟಿ ತೆಗೆದು ನೋಡಿ ಮಡಚಿದರು. “ಬರುವ ಭಾನುವಾರದಿಂದ ಮದುವೆಯ ಚೀಟಿ ಓದುತ್ತೇನೆ” ಎಂದು ಕಾತರಿನಾಳಿಗೆ ಹೇಳಿದರು. ಅವಳು ಕಟ್ಟೆಯ ಮೇಲೆ ಮಾವನ ಪಕ್ಕ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಸಂತಾನ ಮಾರ್ಗರೀಟಾಳ ಪಕ್ಕಕ್ಕೆ ಬಂದು ನಿಂತ.

ನಾನು ಹೊಸ ಹಾಳೆ, ಸೂಜಿ, ದಾರ ತಂದಿದ್ದೆ. ಬಸ್ತ್ಯಾಂವನ ಮಕ್ಕಳಿಗೂ ಈ ಐವರಿಗೂ ನಡುವೆ ಹೊಲಿಗೆ ಬಿಚ್ಚಿ ಹಾಳೆ ಸೇರಿಸಿದೆ. ಪೆನ್ಸಿಲಿನಿಂದ ನಾಲ್ಕು ಗೆರೆ ಎಳೆದೆ. ಆಮೇಲೆ ಪೆನ್ನು ತೆಗೆದು, ‘ಕಾಶೀಮ’ ಎಂದು ಬರೆಯಲೇ ಎಂದು ಮುದುಕನನ್ನು ಕೇಳಿದೆ.

“ಬ್ಯಾಡ. ಅಂವಗ ಬರೀಗೊಡಲಿಲ್ಲ, ನಿನಗ್ಯಾಕ ಬರೀಗೊಡ್ಲಿ?”

ನನಗೆ ಮತ್ತೆ ತಲೆ ಬಿಸಿಯಾಯಿತು. ಇಷ್ಟೆಲ್ಲ ಆದ ಮೇಲೂ ಹೀಗೆಂದರೆ ಹೇಗೆ? “ಹಂಗಾರ ‘ಖಾಲಿ’ ಅಂತರ ಬರೀತೇನಿ. ಇಲ್ಲಾಂದ್ರ ನಾಳೆ ಇನ್ನೊಬ್ಬ ನನ್ನಂಥಾಂವ ಬಂದು ಕಿತ್ತ ಒಗೀತಾನ.”

“ಖಾಲಿ ಹೆಂಗಾಗ್ತೈತಿ?” ಎಂದ ಕಾಶೀಮ. “ನಾ ಇಲ್ಲೇ ಕುಂತೇನಲ್ಲ.”

ನಾನು ಪೆನ್ನಿನ ಟೋಪಿ ಹಾಕಿದೆ. ಹಾಳೆಯ ಕೆಳಗಿನ ಅಂಚಿಗೆ ಸಣ್ಣಗೆ, ‘ಈ ಪುಟ ಬೇಕೆಂದೇ ಬಿಟ್ಟದ್ದು, ತೆಗೆಯಬಾರದು’ ಎಂದಷ್ಟೇ ಪಾದ್ರಿ ಬರೆದರು. ಮುದುಕ ಅದಕ್ಕೆ ಬೇಡ ಎನ್ನಲಿಲ್ಲ.

ಈಸ್ಟರ್ ಆದ ಮೇಲೆ ಮದುವೆಯಾಯಿತು. ನಾನೂ ಮಲಕಪ್ಪನೂ ಹೋಗಿದ್ದೆವು. ಊಟಕ್ಕೆ ಕೂತಾಗ ಸಹಜವಾಗಿ ಅವನನ್ನು ಕೇಳಿದೆ, “ನಾ ಬಿಡ್ರಿ ಅಂದ ಮ್ಯಾಲೆ ಎಷ್ಟ ಖಾಲಿ ಹಾಳಿ ಬಿಟ್ಟಿರೋ?”

“ಹದಿನೇಳರಿ” ಎಂದ. ಎಣಿಸದೆ ಹಾಳೆ ದಾಟಿಸುವುದು ಅವರ ಕೈಗೆ ಗೊತ್ತಿಲ್ಲ. “ಇದು ಮೊದಲನೇದು. ಉಳದವು ಹದಿನಾರು.”

“ಅವ್ರಾಗೂ ಗೆರಿ ಇದ್ದುವೇನು? ಎಲ್ಲೆಲ್ಲಿ ಇದ್ದುವು?”

ಮಲಕಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. “ನೋಡ್ಲಿಲ್ಲರಿ ಮಾಸ್ತರ. ಬಿಡ್ರಿ ಅಂದ್ರಿ, ಬಿಟ್ವಿ.”

ಪಾಯಸ ಬಂತು. ನಾನು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದೆ. ಈಗ ಪ್ರತಿ ಭಾನುವಾರ ಕಂಕುಳಲ್ಲಿ ವಹಿ ಇಟ್ಟುಕೊಂಡು ಆ ಹಳ್ಳಿಯ ಮನೆಮನೆಗೆ ಹೋಗಿ, ನಿಮ್ಮ ಮನೆಯವರು ಯಾರಾದರೂ ಇದರಲ್ಲಿ ಬಿಟ್ಟುಹೋಗಿದ್ದಾರೆಯೇ ಎಂದು ಕೇಳುತ್ತೇನೆ. ಹೆಚ್ಚಿನವರು ನನ್ನನ್ನು ನೋಡಿ ನಗುತ್ತಾರೆ. ಕೆಲವರು ಒಳಗೆ ಕರೆದು ಕೂರಿಸಿ ಯೋಚಿಸುತ್ತಾರೆ, ಹೆಸರು ಮಾತ್ರ ಅವರಿಗೆ ನೆನಪಾಗುವುದಿಲ್ಲ.